ಕಾರಿಡಾರಿನ ಅಲಾರಂ

ಪೂವಪ್ಪ ಕೊನೆಯ ಸ್ಕ್ರೂ ತಿರುಗಿಸಿ ಸ್ಟೂಲಿನಿಂದ ಇಳಿದು ಮೇಲೆ ನೋಡಿದ. ಹೊಗೆ ಹಿಡಿದು ಕಪ್ಪಾದ ಕಾರಿಡಾರಿನ ಛಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಆ ಅಲಾರಂ ಒಂದೇ ಬೆಳ್ಳಗೆ ಹೊಳೆಯುತ್ತಿತ್ತು. ಮತ್ತೆ ಹತ್ತಿದ. ಗೋಡೆಯ ಮಸಿಯನ್ನು ಅಂಗೈಗೆ ಬಳಿದುಕೊಂಡು ಅದರ ಮೈಗೆಲ್ಲ ಸವರಿದ. ಬಾಗಿಲಲ್ಲಿ ನಿಂತಿದ್ದ ಶಾರದಮ್ಮನವರ ಮುಖ ನೋಡದೆಯೇ ಮಾತಾಡಿದ.

"ತನಿಖೆಗೆ ಬರೋ ಸಾಹೇಬ ಕೇಳಿದ್ರೆ ಅಲಾರಂ ಹೊಡೀತು ಅಂತ ಹೇಳಿ ಅಮ್ಮ, ಅಷ್ಟು ಸಾಕು. ಇಲ್ಲಾಂದ್ರೆ ನಾನು ಜೈಲಿಗೆ, ನೀವೆಲ್ಲ ಬೀದಿಗೆ."

ಅದು ಬರೀ ಬೆದರಿಕೆಯಲ್ಲ. ಗಲ್ಫಿನ ಸತ್ವಾ ಬಡಾವಣೆಯ ಆ ಹಳೇ ವಿಲ್ಲಾವನ್ನು ಅರಬ ಮಾಲೀಕನಿಂದ ಬಾಡಿಗೆಗೆ ಹಿಡಿದು, ಪ್ಲೈವುಡ್ ಹಾಕಿ ಕೋಣೆ ಮಾಡಿ, ಒಂದೊಂದನ್ನೂ ಬಾಡಿಗೆಗೆ ಕೊಟ್ಟವನು ಪೂವಪ್ಪ. ನಲ್ಲಿ, ವೈರು, ಅಲಾರಂ, ಎಲ್ಲದರ ಜವಾಬ್ದಾರಿಯೂ ಅವನದೇ. ಶಾರದಮ್ಮನವರ ಮಗಳು ಹಿತಾ, ಅಳಿಯ ಗುರುದತ್ತ ಒಂದು ಕೋಣೆಯಲ್ಲಿದ್ದರು. ಹೆರಿಗೆಗೆಂದು ಮೈಸೂರಿನಿಂದ ಬಂದ ಶಾರದಮ್ಮ ಮೊಮ್ಮಗಳಿಗೆ ಎಣ್ಣೆ ಹಚ್ಚಿ, ಎರೆದು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಹಾಕುವರು. ಪ್ಲೈವುಡ್ ಗೋಡೆ ಛಾವಣಿಯನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಹೊಗೆ ಕಾರಿಡಾರಿಗೆ ಹೋಗಿ, ಅಲಾರಂ ಕಿವಿ ಹರಿಯುವಂತೆ ಕಿರುಚುತ್ತಿತ್ತು.

ಪಕ್ಕದ ಕೋಣೆಯ ಸ್ಟೀಫನ್ ಹೋಟೆಲಿನ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿರುತ್ತಿದ್ದ. ಅವನ ನಿದ್ದೆ ಬಹಳ ತೆಳು. ಮಗು ಅತ್ತರೂ ಎಚ್ಚರವಾಗುತ್ತಿತ್ತು. ಬೇರೆಯವರಾದರೆ ಬಯ್ಯುತ್ತಿದ್ದರು. ಅವನು ಆಚೆಯಿಂದ ಪ್ಲೈವುಡ್ಡನ್ನು ಬೆರಳಲ್ಲಿ ಟಕಟಕ ಬಡಿಯುತ್ತಿದ್ದ. ಮಗು ಅಳು ನಿಲ್ಲಿಸಿ ಆ ಕಡೆ ಕತ್ತು ತಿರುಗಿಸುತ್ತಿತ್ತು.

ಮಗು ಬೆಚ್ಚಿಬೀಳುತ್ತೆ, ಏನಾದರೂ ಮಾಡಪ್ಪ ಎಂದು ಪೂವಪ್ಪನನ್ನು ಕೇಳಿದವರು ಶಾರದಮ್ಮನೇ. ಯಾರಿಗೂ ಇಲ್ಲವೆನ್ನದ ಆಸಾಮಿ ತಕ್ಷಣ ಅದನ್ನು ಬಿಚ್ಚಿಬಿಟ್ಟ. ಅಲಾರಮ್ಮಿನ ಕಿರುಚಾಟಕ್ಕೆ ಎದ್ದು ಬಂದಿದ್ದ ಸ್ಟೀಫನ್ನೇ ಕಣ್ಣುಜ್ಜುತ್ತ ಸ್ಟೂಲು ಹಿಡಿದುಕೊಂಡಿದ್ದ. ಮಗು ದೊಡ್ಡದಾದ ಮೇಲೆ ಹಾಕಿದರಾಯಿತು ಎಂದು ಪೂವಪ್ಪ ಅದನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟ. ಒಳ್ಳೆಯತನಕ್ಕೂ ಉಡಾಫೆಗೂ ಅವನಲ್ಲಿ ಅಂಥ ವ್ಯತ್ಯಾಸವಿರಲಿಲ್ಲ.

ಮೊನ್ನೆ ಬೆಳಿಗ್ಗೆ ಸ್ಟೀಫನ್ನನ ಮಂಚದಡಿಯ ವೈರು ಸುಟ್ಟು, ಹಾಸಿಗೆ ಒಳಗೊಳಗೇ ಹೊಗೆಯಾಡಿತು. ಹಿತಾ ಮಗುವನ್ನು ಸೂಜಿ ಹಾಕಿಸಲು ಕರೆದೊಯ್ದಿದ್ದಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಶಾರದಮ್ಮ ಒಳಗೆ ಬಂದಾಗ ಕಾರಿಡಾರು ಕಾಣುತ್ತಿರಲಿಲ್ಲ. ಬೆಂಕಿ ಕೋಣೆ ದಾಟಲಿಲ್ಲ. ಸ್ಟೀಫನ್ನನ ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ. ಹೊಗೆಯೇ ಅವನನ್ನು ಕೊಂದಿತ್ತು.

ಪೂವಪ್ಪ ಮಸಿ ಸವರಿದ ದಿನವೇ ಮಧ್ಯಾಹ್ನ ತನಿಖೆಗೆ ಅಧಿಕಾರಿ ಬಂದ. ಜೊತೆಗೆ ಸ್ಟೀಫನ್ನನ ಅಣ್ಣ ಕಾನ್ರಾಡ್ ಇದ್ದ, ಅದೇ ಬೀದಿಯಲ್ಲಿ ದರ್ಜಿ. ಅಧಿಕಾರಿ ಕೋಲಿನಿಂದ ಅಲಾರಮ್ಮಿನ ಗುಂಡಿ ಒತ್ತಿದ. ಅದು ಕಿರುಚಿತು. ಅವತ್ತು ಹೊಡೆಯಿತೇ ಎಂದು ಶಾರದಮ್ಮನವರನ್ನು ಹಿಂದಿಯಲ್ಲಿ ಕೇಳಿದ. ಒಳಗೆ ಹಿತಾ ಮಗುವನ್ನು ಸಮಾಧಾನ ಮಾಡುತ್ತಿದ್ದಳು. ಈ ಹಸುಗೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಶಾರದಮ್ಮ ಹೌದೆಂದು ತಲೆಯಾಡಿಸಿದರು.

ಹಾಗಾದರೆ ಅವನು ಏಕೆ ಏಳಲಿಲ್ಲ, ಕುಡಿಯುತ್ತಿದ್ದನೇ ಎಂದು ಅಧಿಕಾರಿ ಪೂವಪ್ಪನನ್ನು ಕೇಳಿದ. ಪೂವಪ್ಪ ಕಾಲಡಿಯ ನೆಲ ನೋಡುತ್ತ, ಒಮ್ಮೊಮ್ಮೆ ಕುಡಿಯುತ್ತಿದ್ದ ಎಂದ. ಸಿಗರೇಟು ಸಹ ಸೇದದ ಹುಡುಗ ಅವನು.

ಅಧಿಕಾರಿ ಹೋದ ಮೇಲೂ ಕಾನ್ರಾಡ್ ನಿಂತೇ ಇದ್ದ.

"ಅಮ್ಮ, ಊರಿಗೆ ಫೋನ್ ಮಾಡಿದ್ರೆ ನನ್ನ ಮಮ್ಮಿ ಕೇಳ್ತಾರೆ. ಅದು ಹೊಡೆದದ್ದು ಹೌದಾ?"

"ಹೂಂ ಕಣಪ್ಪ."

"ಹಾಗಾದ್ರೆ ಅವನು ಕುಡಿದಿದ್ದ," ಎಂದು ತನಗೇ ಹೇಳಿಕೊಂಡಂತೆ ಹೇಳಿ ಕಾನ್ರಾಡ್ ಹೊರಟುಹೋದ.

ಮರುದಿನ ಶಾರದಮ್ಮ ಮಗುವಿಗೆ ಎರೆದು ಕೆಂಡಕ್ಕೆ ಸಾಂಬ್ರಾಣಿ ಉದುರಿಸಿದರು. ವಾಸನೆ ಬಂದದ್ದೇ ಪೂವಪ್ಪ ಸ್ಟೂಲು ಎತ್ತಿಕೊಂಡು ಬಂದ.

"ಐದು ನಿಮಿಷ ತೆಗೀಲಾ ಅಮ್ಮ? ಮಗು ಹೆದರ್ತದೆ."

"ಬೇಡ. ಹೊಡ್ಕೊಳ್ಲಿ."

ಅಲಾರಂ ಕಿರುಚತೊಡಗಿತು. ಮಗು ಬೆಚ್ಚಿ ಅತ್ತಿತು. ಶಾರದಮ್ಮ ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಸುಮ್ಮನೆ ಕುಳಿತರು. ಬಹಳ ಹೊತ್ತಿನ ಮೇಲೆ ಅಲಾರಂ ತಾನಾಗಿ ನಿಂತಿತು, ಮಗುವಿನ ಅಳು ನಿಲ್ಲಲಿಲ್ಲ. ಅವರು ಕೈ ಚಾಚಿ ಪ್ಲೈವುಡ್ಡನ್ನು ಬೆರಳಲ್ಲಿ ಟಕಟಕ ಬಡಿದರು. ಮಗು ಅಳು ನಿಲ್ಲಿಸಿ, ಆ ಕಡೆ ಕತ್ತು ತಿರುಗಿಸಿ ಕಾಯತೊಡಗಿತು.