ಕೈಬಿಟ್ಟ ಮದ್ದು

ಆಸ್ಪತ್ರೆಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಆ ಹೆಂಗಸು ಇಪ್ಪತ್ತೆಂಟು ವರ್ಷ ಪ್ರಯೋಗಾಲಯದಲ್ಲಿ ಕೂತು ಮಂದಿಯ ಮಲದಲ್ಲಿ ರೋಗಾಣು ಹುಡುಕಿದವಳು. ಎಂದೂ ಮೂಗು ಮುರಿದವಳಲ್ಲ. ಈ ಸಲ ಮಾತ್ರ ತಟ್ಟೆಯ ಚೀಟಿಯ ಮೇಲೆ ಸ್ವಂತ ಮೊಮ್ಮಗಳ ಹೆಸರಿತ್ತು. ನಾಲ್ಕು ವರ್ಷದ ಕೂಸಿಗೆ ಆರು ದಿನದಿಂದ ರಕ್ತಭೇದಿ, ಕೊಟ್ಟ ಎರಡು ಮದ್ದೂ ನಾಟಿರಲಿಲ್ಲ.

ತಟ್ಟೆಯಲ್ಲಿ ರೋಗಾಣು ಸವರಿ, ಒಂದೊಂದು ಮದ್ದು ಹೀರಿಸಿದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಡುತ್ತಾರೆ. ಮದ್ದು ಗೆದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದು. ಅಕ್ಕ ಆರು ಬಿಲ್ಲೆ ಇಟ್ಟಿದ್ದಳು. ಆ ಪಾಪಿಗಳು ಆರರ ಬುಡದವರೆಗೂ ಹುಲ್ಲಿನ ಹಾಗೆ ಬೆಳೆದು ಕೂತಿದ್ದವು. ಅವಳು ತಟ್ಟೆ ಮುಚ್ಚಿಟ್ಟು ವಾರ್ಡಿಗೆ ನಡೆದಳು.

ವಾರ್ಡಿನಲ್ಲಿ ಮಗಳು ಕೂಸಿಗೆ ಚಮಚದಲ್ಲಿ ಉಪ್ಪುಸಕ್ಕರೆ ನೀರು ಕುಡಿಸುತ್ತಿದ್ದಳು. ವಿಷಯ ಕೇಳಿ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಜೀವಮಾನವಿಡೀ ಈ ರೋಗಾಣುಗಳನ್ನ ಸಾಕ್ತಾ ಬಂದೆಯಲ್ಲಮ್ಮ, ಒಂದ್ಸಲ ಕೊಂದು ತೋರಿಸು."

ಆ ಮಾತು ಎದೆಗೆ ಚುಚ್ಚಿತು. ಅಕ್ಕ ಹಿಂತಿರುಗಿದವಳೇ ಫ್ರಿಜ್ಜಿನ ಕೆಳಗಿನ ಖಾನೆ ತಡಕಾಡಿದಳು. ರೋಗಾಣು ಜಗ್ಗುತ್ತಿಲ್ಲವೆಂದು ಆಸ್ಪತ್ರೆ ಹದಿನೈದು ವರ್ಷದ ಹಿಂದೆಯೇ ಕೈಬಿಟ್ಟಿದ್ದ ಮದ್ದೊಂದಿತ್ತು. ವಿದ್ಯಾರ್ಥಿಗಳ ಪಾಠಕ್ಕೆಂದು ಮೊನ್ನೆ ಮೊನ್ನೆ ತರಿಸಿದ್ದ ಅದರ ಬಿಲ್ಲೆಗಳು ಅಲ್ಲಿದ್ದವು. ಹೊಸ ತಟ್ಟೆ ಮಾಡಿ ಒಂದನ್ನು ಇಟ್ಟಳು. ಇನ್ನು ಒಂದು ದಿನ ಕಾಯಬೇಕು, ಬೇರೆ ದಾರಿಯಿಲ್ಲ.

ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಬಿಲ್ಲೆಯ ಸುತ್ತ ಬಟ್ಟಬಯಲು. ಸ್ಕೇಲಿಟ್ಟು ಅಳೆದಳು. ನಂಬಿಕೆ ಬಾರದೆ ಮತ್ತೆ ಅಳೆದಳು. ಇಪ್ಪತ್ತೆರಡು ಮಿಲಿಮೀಟರ್. ತಟ್ಟೆ ಹಿಡಿದು ಓಡಿದಳು, ಮೊಣಕಾಲು ನೋವು ಆಗ ನೆನಪಿಗೇ ಬರಲಿಲ್ಲ.

"ಇದು ಸೋತ ಮದ್ದು ಅಂತ ಪುಸ್ತಕದಲ್ಲೇ ಇದೆಯಲ್ಲಕ್ಕ," ಎಂದು ಎಳೆಯ ಡಾಕ್ಟರು ಹಿಂದೆಮುಂದೆ ನೋಡಿದರು.

"ಇವು ಪುಸ್ತಕ ಓದ್ಕೊಂಡು ಹುಟ್ಟಿದವಲ್ಲ ಸಾರ್. ಇಷ್ಟು ವರ್ಷ ಯಾರೂ ಇದನ್ನ ಕೊಟ್ಟಿಲ್ಲ, ಇದರ ಜೊತೆ ಗುದ್ದಾಡೋದನ್ನೇ ಮರೆತಿವೆ. ಹಳೇ ಗಂಡನ ಪಾದವೇ ಗತಿ, ಬರೀರಿ."

ಡಾಕ್ಟರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಗುತ್ತಲೇ ಬರೆದರು.

ಮೂರನೆಯ ದಿನ ರಕ್ತ ನಿಂತಿತು. ನಾಲ್ಕನೆಯ ದಿನ ಅಕ್ಕ ವಾರ್ಡಿಗೆ ಬರುವಾಗ ಮೊಮ್ಮಗಳು ತಾಯಿಯ ಕೈಯಿಂದ ಬಟ್ಟಲು ಕಿತ್ತುಕೊಂಡು ಗಂಜಿಯನ್ನು ಗಬಗಬ ನುಂಗುತ್ತಿದ್ದಳು.

"ಅಜ್ಜಿಗೆ ಕೊಡ್ಬೇಡಮ್ಮ, ನಂಗೇ ಸಾಲಲ್ಲ," ಎಂದಿತು ಕೂಸು.

ಮಗಳು ತಾಯಿಯ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಅವಳ ಬೆನ್ನು ಸವರಿ, ಖಾಲಿ ಬಟ್ಟಲು ಎತ್ತಿಕೊಂಡು, ರಾಜ್ಯ ಗೆದ್ದವಳಂತೆ ಎದೆಯುಬ್ಬಿಸಿ ಇನ್ನೊಂದಿಷ್ಟು ಗಂಜಿ ತರಲು ಹೊರಟಳು.