ಬಡೇಬೀಯ ಶುಗರ್ ಮತ್ತು ನನ್ನ ಸಂಶೋಧನೆ

ಆರು ವರ್ಷ ಓದಿ, ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿ ಸೇರಿದಾಗ, ಜಾಲಹಳ್ಳಿಯಲ್ಲಿ ನಮ್ಮವ್ವ ಪಾರ್ವತೆಮ್ಮ ಓಣಿಗೆಲ್ಲ ಹೇಳಿದ್ದು ಇಷ್ಟು: "ನಮ್ಮ ಮೇಘಾ ರಾಯಚೂರಾಗ ಮೆಡಿಕಲ್ ಶಾಪ್‌ನಾಗ ಅದಾಳ." ನಾನು ಗುಳಿಗೆ ಮಾರುವುದಿಲ್ಲ, ಜನರಲ್ ಮೆಡಿಸಿನ್ ವಾರ್ಡಿನಲ್ಲಿ ಡಾಕ್ಟರ ಜತೆ ರೌಂಡ್ಸಿಗೆ ಹೋಗಿ, ರೋಗಿಗೆ ಬರೆದ ಔಷಧಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು ನನ್ನ ಕೆಲಸ ಎಂದು ಎರಡು ಸಲ ವಿವರಿಸಿದೆ. ಅವ್ವ ಗಮನವಿಟ್ಟು ಕೇಳಿ, "ಹಂಗಾರ ಡಾಕ್ಟರ್ ತಪ್ಪು ಬರದ್ರ ನೀ ಬೈತೀ ಏನು?" ಎಂದಳು.

ಬೈಯುವ ಧೈರ್ಯ ನನಗಿರಲಿಲ್ಲ. ಆದರೆ ರೌಂಡ್ಸಿನಲ್ಲಿ ಒಂದು ದಿನವಾದರೂ ಎಲ್ಲರೂ ತಿರುಗಿ ನೋಡುವಂಥ ಮಾತು ಹೇಳಬೇಕೆಂಬ ಆಸೆ ಬಲವಾಗಿತ್ತು.

ಮೂರನೇ ತಿಂಗಳಲ್ಲಿ ಅವಕಾಶ ಬಂತು. ಮಾನ್ವಿಯ ಬಡೇಬೀ ಎಂಬ ಅರವತ್ತು ದಾಟಿದ ಹೆಂಗಸನ್ನು ಮಗಳು ಸೂಫಿಯಾ ಕರೆತಂದಳು. ಸಂತೆಯಲ್ಲಿ ಬೆವರಿ ಕುಸಿದಿದ್ದರಂತೆ. ಶುಗರ್ ನಲವತ್ತೆರಡಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣುಬಿಟ್ಟು, ಮೊದಲು ತಮ್ಮ ಚಪ್ಪಲಿ ಎಲ್ಲಿ ಎಂದು ಕೇಳಿದರು.

ನಾನು ರೋಗಿಯ ಔಷಧಗಳ ವಿವರ ಬರೆಯುವ ಫಾರಂ ಹಿಡಿದು ಕುಳಿತೆ. "ಅಮ್ಮಾ, ಸಕ್ರಿ ಬ್ಯಾನಿಗೆ ಎಷ್ಟು ಗುಳಿಗಿ ತಗೋತೀರಿ? ಈಗಿತ್ತಲಾಗ ಹೊಸಾದು ಏನರ ಕೊಟ್ಟಾರೇನು?"

"ಸಕ್ರಿದ್ದು ಮುಂಜಾನಿಗೊಂದು, ಬೇಟಿ. ಉರಿಮೂತ್ರ ಅಂತ ಹೋದ ವಾರ ಐದು ದಿನದ್ದು ಕೊಟ್ಟಾರ."

ಎರಡನೆಯದು ಒಂದು ಆ್ಯಂಟಿಬಯೋಟಿಕ್. ಶುಗರ್ ಗುಳಿಗೆಯ ಜತೆ ಅದು ಸೇರಿದರೆ ಕೆಲವರಿಗೆ ಶುಗರ್ ವಿಪರೀತ ಇಳಿಯುತ್ತದೆ ಎಂದು ಓದಿದ್ದೆ. ಓದಿದ್ದೇ ಎದ್ದು ಬಂದು ಮಂಚದ ಮೇಲೆ ಮಲಗಿದ ಹಾಗಾಯಿತು. ಮರುದಿನ ರೌಂಡ್ಸಿನಲ್ಲಿ, ವಾರ್ಡಿನ ಮುಖ್ಯಸ್ಥೆ ಡಾಕ್ಟರ್ ಉಮಾದೇವಿಯವರ ಮುಂದೆ ಮೂರು ಲೇಖನಗಳ ಸಮೇತ ಮಂಡಿಸಿದೆ. ಎಲ್ಲರೂ ತಿರುಗಿ ನೋಡಿದರು. ಮೇಡಮ್, "ಛಲೋ ನೋಡೀರಿ" ಎಂದರು. ಎರಡೂ ಗುಳಿಗೆ ನಿಂತವು. ಆ ದಿನ ಕ್ಯಾಂಟೀನಿನಲ್ಲಿ ನನಗೆ ನಾನೇ ಎರಡು ಪ್ಲೇಟು ಮಿರ್ಚಿ ಭಜಿ ಕೊಡಿಸಿಕೊಂಡೆ.

ಮೂರನೇ ದಿನ ಮಧ್ಯಾಹ್ನ ಬಡೇಬೀ ಮತ್ತೆ ಬೆವರಿದರು. ಶುಗರ್ ಐವತ್ತು.

ವಿವೇಕವಿದ್ದವರಾದರೆ ಆಗ ಹೋಗಿ ರೋಗಿಯ ಜತೆ ಮಾತಾಡುತ್ತಿದ್ದರು. ನಾನು ಲೈಬ್ರರಿಗೆ ಹೋದೆ. ಎರಡು ತಾಸಿನ ಮೇಲೆ ಹೊರಬರುವಾಗ, ಶುಗರ್ ಇಳಿಸುವ, ಲಕ್ಷಕ್ಕೊಬ್ಬರಿಗೂ ಬಾರದ ಗಡ್ಡೆಯೊಂದು ಬಡೇಬೀಯವರ ಹೊಟ್ಟೆಯಲ್ಲಿದೆ ಎಂದು ನನಗೆ ಖಾತ್ರಿಯಾಗಿತ್ತು. ಇದನ್ನು ಯಾವ ವೈದ್ಯಕೀಯ ಪತ್ರಿಕೆಗೆ ಬರೆದು ಕಳಿಸಬೇಕೆಂಬುದನ್ನೂ ಗೊತ್ತುಮಾಡಿಕೊಂಡಿದ್ದೆ. ಸ್ಕ್ಯಾನ್ ಮಾಡಿಸೋಣ ಎಂದಾಗ ಉಮಾದೇವಿ ಮೇಡಮ್ ಬಡೇಬೀಯ ಕೇಸ್ ಶೀಟು ಮುಚ್ಚಿ ನನ್ನ ಕೈಗೆ ಕೊಟ್ಟರು. "ಅದು ನಾಳಿ ನೋಡೋಣು. ಇವತ್ತ ಆಕಿಗೆ ಮನ್ಯಾಗ ಹೆಂಗ ಇರಬೇಕಂತ ತಿಳಿಸಿ ಬರ್ರಿ."

ತಿಳಿಸುವುದರಲ್ಲಿ ನಾನು ಎತ್ತಿದ ಕೈ. ಬಣ್ಣದ ಚಾರ್ಟು ತೋರಿಸಿ, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಕೈಕಾಲು ನಡುಗಿದರೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು ಎಂದು ಇಪ್ಪತ್ತು ನಿಮಿಷ ಮಾತಾಡಿದೆ. ಬಡೇಬೀ ಸಮಾಧಾನದಿಂದ ಕೇಳಿಸಿಕೊಂಡರು.

"ಎಲ್ಲಾ ಸರಿ ಬೇಟಿ. ಕಾಲಿಂದು ತಗೊಂಡ್ರ ನಡೀತದಲ್ಲ?"

"ಯಾವ ಕಾಲಿಂದು?"

"ಅಂಗಾಲು ಉರೀತಿತ್ತು. ದೇವದುರ್ಗದಾಗ ತಂಗಿ ಮನಿಗೆ ಹೋದಾಗ ಅಲ್ಲಿ ಡಾಕ್ಟರ್ ಕೊಟ್ರು. ಇಲ್ಲೂ ದಿನಾ ತಗೊಳ್ಳಾಕತ್ತೀನಿ."

ಎಲೆ ಅಡಿಕೆ ಚೀಲದಿಂದ ಒಂದು ಸ್ಟ್ರಿಪ್ ತೆಗೆದುಕೊಟ್ಟರು. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಹಿಂಬದಿಯ ಸಣ್ಣ ಅಕ್ಷರದಲ್ಲಿದ್ದ ಔಷಧ ಮಾತ್ರ ನಾವು ನಿಲ್ಲಿಸಿದ್ದ ಶುಗರ್ ಗುಳಿಗೆಯದೇ. ಅಂಗಾಲಿನ ಉರಿಗೆ ಶುಗರೇ ಕಾರಣವೆಂದು ದೇವದುರ್ಗದ ಡಾಕ್ಟರು ಶುಗರಿಗೇ ಔಷಧ ಕೊಟ್ಟಿದ್ದರು. ಮಾನ್ವಿಯಲ್ಲಿ ಆಗಲೇ ಒಂದು ನಡೆಯುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ನಾ ಕೇಳಿದಾಗ ಯಾಕ ಹೇಳಲಿಲ್ಲಮ್ಮಾ?" ನನ್ನ ದನಿ ಅಳುವಂತಿತ್ತು.

"ನೀ ಸಕ್ರಿದ್ದು ಕೇಳ್ದಿ, ಹೊಸಾದು ಕೇಳ್ದಿ. ಇದು ಕಾಲಿಂದು, ಹಳೇದು."

ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಸ್ಟ್ರಿಪ್ ಹಿಡಿದು ಮೇಡಮ್ ಕೋಣೆಗೆ ಓಡಿದೆ.

"ಮೇಡಮ್, ಗಡ್ಡಿ ಇಲ್ರಿ."

ಅವರು ಸ್ಟ್ರಿಪ್ ತಿರುಗಿಸಿ ಓದಿದರು. "ಯಾರು ಹುಡುಕಿದ್ರು?"

"ಬಡೇಬೀನ ರೀ."

ಮೇಡಮ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ನನ್ನ ಮೊದಲ ಮಾತನ್ನೇ ನಂಬಿ ಬಡೇಬೀಯವರನ್ನು ಅಂದೇ ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ಆ ನಗುವಿನ ನಡುವೆಯೂ ಮರೆಯಲಾಗಲಿಲ್ಲ. ಅಂದಿನಿಂದ ನಾನು ಫಾರಂ ಆಮೇಲೆ ತೆಗೆಯುತ್ತೇನೆ. ಮೊದಲು ರೋಗಿಯ ಚೀಲ ಮಂಚದ ಮೇಲೆ ಸುರಿಸುತ್ತೇನೆ.

ನಾಲ್ಕು ದಿನದ ಮೇಲೆ ಬಡೇಬೀ, ಶುಗರನ್ನು ಅಷ್ಟು ಕೆಳಗೆ ಕೆಡವದ ಬೇರೊಂದೇ ಗುಳಿಗೆ ಹಿಡಿದು ಮಾನ್ವಿಗೆ ಹೋದರು. ವಾರ ಬಿಟ್ಟು ಫೋನ್ ಮಾಡಿದೆ.

"ನಾ ಆರಾಮ ಅದೀನಿ ಬೇಟಿ. ಓಣ್ಯಾಗ ಎಲ್ಲಾರ ಚೀಲಾ ನೋಡಾಕತ್ತೀನಿ."

ತಮಾಷೆಯಲ್ಲ. ಸೂಫಿಯಾಳ ಫೋನಿನಿಂದ ದಿನಾ ಗುಳಿಗೆಗಳ ಫೋಟೋ ಬರತೊಡಗಿದವು. ಎರಡು ಮನೆಗಳಲ್ಲಿ ಒಂದೇ ಔಷಧ ಎರಡು ಹೆಸರಿನಲ್ಲಿ ಸಿಕ್ಕಿತು. ಆ ಮನೆಯವರನ್ನು ಅವರವರ ಡಾಕ್ಟರ ಹತ್ತಿರ ಕಳಿಸಿದೆ. ಹೋದ ಶುಕ್ರವಾರ ಬಂದ ಹಸಿರು ಗುಳಿಗೆಯ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅರ್ಧ ತಾಸು ಹುಡುಕಿ, ಸೋತು, ಫೋನ್ ಮಾಡಿದೆ.

"ಅಮ್ಮಾ, ಇದು ಯಾತಕ್ಕ ಕೊಟ್ಟಾರ?"

"ಅದಾ? ಅದು ನಮ್ಮ ಮೊಮ್ಮಗಳ ಪೆಪ್ಪರಮೆಂಟು ಬೇಟಿ. ತಪ್ಪಿ ಬಂದದ."