ನಿಂತು ನೋಡುವ ಜಾಗ

ಊರಿನ ವಾರ್ಷಿಕ ಮೆರವಣಿಗೆಯನ್ನು ಎಲ್ಲಿ ನಿಂತು ನೋಡಬೇಕು ಎಂಬ ಗಹನವಾದ ಪ್ರಶ್ನೆ ಶನಿವಾರ ಸಂಜೆ ನಾಲ್ಕು ಗಂಟೆಗೆ ಆ ಮನೆಯ ಊಟದ ಮೇಜಿನ ಮೇಲೆ ವಿಧ್ಯುಕ್ತವಾಗಿ ಮಂಡನೆಯಾಯಿತು. ಮಗಳ ಶಾಲೆ, ಮನೆ ಬದಲಾವಣೆ, ಫ್ರಿಜ್ಜಿನ ಬಣ್ಣ ಮುಂತಾದ ಸಣ್ಣಪುಟ್ಟ ವಿಷಯಗಳೆಲ್ಲ ಈ ಹಿಂದೆ ಅದೇ ಮೇಜಿನ ಮೇಲೆ ಹೆಂಡತಿಯ ಒಂದು 'ಹೂಂ'ನಲ್ಲಿ ಇತ್ಯರ್ಥವಾಗಿದ್ದವು. ಇದಕ್ಕೆ ಮಾತ್ರ ನಕ್ಷೆ ಬೇಕಾಯಿತು.

ನಕ್ಷೆ ಬರೆದವನು ಗಂಡ. ಸಿಟಿ ಬಸ್ಸಿನ ಡ್ರೈವರ್. ಹನ್ನೊಂದು ವರ್ಷದಿಂದ ಏಳನೇ ನಂಬರಿನ ಬಸ್ಸನ್ನು ದಿನಕ್ಕೆ ಆರು ಸಲ ಒಂದೇ ರಸ್ತೆಯಲ್ಲಿ ಓಡಿಸಿದವನು. ಡ್ಯೂಟಿ ಚಾರ್ಟಿನ ಹಿಂಬದಿಯಲ್ಲಿ, ಮಗಳ ಸ್ಕೆಚ್ ಪೆನ್ನುಗಳಿಂದ ಮೂರು ಬಣ್ಣದ ಗೆರೆ ಎಳೆದಿದ್ದ: ಕೆಂಪು ಮೆರವಣಿಗೆಯ ದಾರಿ, ಹಸಿರು ನೂಕುನುಗ್ಗಲಾದರೆ ಹೊರಬೀಳುವ ಗಲ್ಲಿ, ನೀಲಿ ಶೌಚಾಲಯ. ಜೊತೆಯಲ್ಲೇ ಇದ್ದ ಅತ್ತೆಯವರ, ಅಂದರೆ ಹೆಂಡತಿಯ ತಾಯಿಯ, ಸಲುವಾಗಿ ನೀಲಿ ಗುರುತನ್ನು ಎರಡು ಕಡೆ ಹಾಕಿದ್ದ.

"ಪೋಸ್ಟಾಫೀಸಿನ ತಿರುವು," ಎಂದ. "ಅಲ್ಲಿ ಎಂಥಾ ಗಾಡಿಯಾದ್ರೂ ನಿಧಾನ ಮಾಡ್ಲೇಬೇಕು. ಅಲಂಕಾರದ ಲಾರಿಗಳು ನಲವತ್ತಡಿ ಉದ್ದ ಇರ್ತವೆ, ಒಂದೇ ಏಟಿಗೆ ತಿರುಗಲ್ಲ. ಬೇರೆ ಕಡೆ ಅರ್ಧ ನಿಮಿಷ ಕಾಣೋದು ಅಲ್ಲಿ ಎರಡು ನಿಮಿಷ ಕಾಣುತ್ತೆ."

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ರೋಗಿಯ ಕೇಸ್ ಶೀಟ್ ಓದುವ ಹಾಗೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ನಕ್ಷೆ ಓದಿದಳು.

"ಅಣ್ಣ ಪುಟ್ಟೀನ ಅವನ ಬಾಲ್ಕನಿಗೆ ಕಳ್ಸು ಅಂತಿದಾನೆ," ಎಂದಳು.

ಅಣ್ಣ ಕನ್ನಡಕದ ಅಂಗಡಿಯವನು. ಅಂಗಡಿಯ ಮೇಲೆ ಮೂರನೆಯ ಮಹಡಿಯಲ್ಲಿ ಅವನ ಮನೆ, ಮನೆಗೊಂದು ಬಾಲ್ಕನಿ, ಬಾಲ್ಕನಿಗೆ ಎದೆಮಟ್ಟದ ಕಂಬಿ. ಅಲ್ಲಿಂದ ಮೆರವಣಿಗೆಯೆಂದರೆ ಟೋಪಿಗಳ ಸಾಲು. ಆದರೆ ಮೂರನೆಯ ಮಹಡಿಯ ಬಾಲ್ಕನಿಯಿಂದ ಮಕ್ಕಳು ಜನಜಂಗುಳಿಯಲ್ಲಿ ಕಳೆದುಹೋದ ದಾಖಲೆ ಇಲ್ಲ.

ಕಳೆದುಹೋಗುವ ಮಾತನ್ನು ಯಾರೂ ಆಡಲಿಲ್ಲ. ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಹೋದ ವರ್ಷದ ಮೆರವಣಿಗೆಯಲ್ಲಿ ಡ್ರೈವರನ ಕೈಯಲ್ಲಿದ್ದ ಮಗಳ ಕೈ ಯಾವಾಗಲೋ ಜಾರಿತ್ತು. ನಲವತ್ತು ನಿಮಿಷ ಕಳೆದ ಮೇಲೆ ಅವಳು ಫೈರ್ ಎಂಜಿನ್ನಿನ ಪಕ್ಕ ಬಿಸ್ಕತ್ತು ತಿನ್ನುತ್ತ ಕೂತಲ್ಲಿ ಸಿಕ್ಕಿದ್ದಳು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ವಾರದಲ್ಲಿ ಮುಗಿಯುತ್ತಿತ್ತು. ಅಂದಿನಿಂದ ಮಗಳನ್ನು ಶಾಲೆಗೆ ಬಿಡುವವಳು ಅವಳು, ಕರೆತರುವವರು ಅತ್ತೆ. ರಸ್ತೆ ದಾಟುವಾಗ ಮಗಳ ಕೈ ಸದ್ದಿಲ್ಲದೆ ಅಪ್ಪನಿಂದ ಅಮ್ಮನ ಕಡೆಗೆ ವರ್ಗವಾಗುತ್ತಿತ್ತು. ದಿನಕ್ಕೆ ಐನೂರು ಜನರನ್ನು ಕ್ಷೇಮವಾಗಿ ಇಳಿಸುವ ಮನುಷ್ಯನಿಗೆ ತನ್ನ ಮಗಳನ್ನು ಮೂಲೆಯಂಗಡಿಗೆ ಕರೆದೊಯ್ಯುವ ಲೈಸೆನ್ಸು ಮಾತ್ರ ಇರಲಿಲ್ಲ.

"ನಂಗೆ ನಾಳೆ ಒಂದು ಗಂಟೆವರೆಗೂ ಡ್ಯೂಟಿ," ಎಂದಳು ಹೆಂಡತಿ, ಕಾಗದ ಮಡಚುತ್ತ. "ಒಂದೋ ಅಣ್ಣನ ಮನೆ, ಇಲ್ಲ ನಿಮ್ಮ ಜೊತೆ. ಜಾಗ ನೋಡಿ ಹೇಳ್ತೀನಿ."

"ಈಗ್ಲಾ?"

"ಮೆರವಣಿಗೆ ಮುಗಿದ್ಮೇಲೆ ನೋಡ್ಲಾ?"

ಹೀಗೆ ನಾಲ್ಕು ಜನರ ತಪಾಸಣಾ ತಂಡ ಹೊರಟಿತು. ಅತ್ತೆ ನೀರಿನ ಬಾಟಲಿ, ಮಡಚುವ ಸ್ಟೂಲು, ಒಂದು ಸ್ವೆಟರು ಹಿಡಿದಿದ್ದರು. ಅರ್ಧ ಗಂಟೆಯ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಎಂದು ಅಳಿಯ ಕೇಳಲಿಲ್ಲ. ಕೇಳಿದವರಿಗೆ ಉತ್ತರ ಸಿಗುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು.

ಪೋಸ್ಟಾಫೀಸಿನ ತಿರುವಿನಲ್ಲಿ ಅವನು ಮ್ಯೂಸಿಯಮ್ಮಿನ ಗೈಡಿನಂತೆ ಕೈ ಚಾಚಿ ಚಾಚಿ ತೋರಿಸಿದ. ಇದು ಗಲ್ಲಿ. ಅದು ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಭಾನುವಾರವಾದರೂ ಶೌಚಾಲಯಕ್ಕೆಂದು ಬಾಗಿಲು ತೆಗೆದಿಡಲು, ದಿನಾ ಏಳನೇ ನಂಬರಿನಲ್ಲೇ ಬರುವ ಅಲ್ಲಿಯ ಅಟೆಂಡರು ಒಪ್ಪಿದ್ದಾನೆ. ಆ ಕಡೆ ನೆರಳು ಹನ್ನೆರಡರವರೆಗೂ ಇರುತ್ತದೆ. ಹೆಂಡತಿ ಒಂದೊಂದಕ್ಕೂ ತಲೆಯಾಡಿಸಿದಳು. ಅತ್ತೆ ಕ್ಲಿನಿಕ್ಕಿನ ಮೆಟ್ಟಿಲು ಎಣಿಸಿ, "ಐದೇ, ಅಡ್ಡಿಯಿಲ್ಲ," ಎಂದರು. ಡ್ರೈವರನ ಎದೆ ಸ್ವಲ್ಪ ಅಗಲವಾಯಿತು.

ಆಗ ಹೆಂಡತಿ ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು, ಫುಟ್‌ಪಾತಿನ ಮೇಲೆ ಮಗಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

"ನೀವೂ ಕೂತ್ಕೊಳ್ಳಿ," ಎಂದಳು.

ಅವನು ಕೂತ. ಎದುರಿಗೆ ಸಿಮೆಂಟು ಇತ್ತು. ಫುಟ್‌ಪಾತಿನ ಅಂಚಿಗೆ, ತಿರುವಿನುದ್ದಕ್ಕೂ, ಎರಡೂವರೆ ಅಡಿಯ ಹೂಕುಂಡಗಳು ಒತ್ತೊತ್ತಾಗಿ ನಿಂತಿದ್ದವು. ಅವುಗಳ ಮೇಲೆ ಎರಡಡಿ ಕುರುಚಲು ಗಿಡ. ರಸ್ತೆ ಎಂಬುದು ಇಲ್ಲವೇ ಇಲ್ಲ.

"ಇವನ್ನ ಯಾವಾಗ ತಂದಿಟ್ರು?" ಎಂದ.

"ಗಿಡ ನೋಡಿದ್ರೆ ನಾಲ್ಕು ವರ್ಷ ಆಗಿರ್ಬೇಕು," ಎಂದರು ಅತ್ತೆ.

ನಾಲ್ಕು ವರ್ಷ, ದಿನಕ್ಕೆ ಆರು ಸಲ. ಸೀಟಿನಲ್ಲಿ ಕೂತ ಡ್ರೈವರನ ಕಣ್ಣು ನೆಲದಿಂದ ಎರಡು ಮೀಟರು ಮೇಲಿರುತ್ತದೆ. ಅಲ್ಲಿಂದ ಈ ಕುಂಡಗಳು ರಸ್ತೆಗೆ ಯಾರೋ ಬಳಿದ ಹಸಿರು ಅಂಚಿನಂತೆ ಕಂಡಿರಬೇಕು. ಈ ತಿರುವಿನಲ್ಲಿ ಅವನು ಕಾಲೂರಿ ನಿಂತದ್ದು ಇದೇ ಮೊದಲು.

"ಎತ್ಕೊಂಡಿರ್ತೀನಿ," ಎಂದ.

"ಎರಡು ಗಂಟೆ? ಹದಿನೆಂಟು ಕೆಜಿ ಇದಾಳೆ. ನಿಮ್ಮ ಸೊಂಟಕ್ಕೆ ಮುಲಾಮು ಹಚ್ಚೋಳು ನಾನೇ." ಹೆಂಡತಿ ಎದ್ದು ಸೀರೆ ಕೊಡವಿದಳು. ದನಿಯಲ್ಲಿ ಗೆದ್ದ ಸದ್ದೇನೂ ಇರಲಿಲ್ಲ. "ಅಣ್ಣಂಗೆ ಫೋನ್ ಮಾಡ್ತೀನಿ."

"ಒಂದು ಗಂಟೆ ಟೈಮ್ ಕೊಡು."

ಅವಳು ಫೋನನ್ನು ಕೈಯಲ್ಲೇ ಹಿಡಿದುಕೊಂಡಳು. ಒಳಗಿಡಲಿಲ್ಲ, ಒತ್ತಲೂ ಇಲ್ಲ.

ಆಮೇಲೆ ಆ ರಸ್ತೆಯ ಜನ ಒಂದು ವಿಚಿತ್ರ ನೋಡಿದರು. ಖಾಕಿ ಪ್ಯಾಂಟಿನ ದಪ್ಪ ಮನುಷ್ಯನೊಬ್ಬ ಹತ್ತು ಹೆಜ್ಜೆಗೊಮ್ಮೆ ಕುಕ್ಕರಿಸಿ ಕೂತು, ಏಳಲಾರದೆ ಮೊಣಕಾಲು ಹಿಡಿದು ಎದ್ದು, ಮತ್ತೆ ಹತ್ತು ಹೆಜ್ಜೆ ನಡೆಯುತ್ತಿದ್ದ. ಆರನೆಯ ಸಲಕ್ಕೆ ಮೊಣಕಾಲು ಲಟಕ್ಕೆಂದಿತು. ಆಗ ಅವನಿಗೆ, ಇಷ್ಟು ಹೊತ್ತೂ ಆ ಎತ್ತರದವಳೇ ಒಬ್ಬಳು ಜೊತೆಯಲ್ಲಿ ನಡೆದು ಬರುತ್ತಿದ್ದಾಳೆ ಎಂಬುದು ಹೊಳೆಯಿತು.

"ಪುಟ್ಟಿ, ಇಲ್ಲಿ ನಿಂತ್ರೆ ಏನು ಕಾಣ್ಸುತ್ತೆ?"

"ಕಸದ ಡಬ್ಬಿ."

"ಇಲ್ಲಿ?"

"ಆ ಅಂಕಲ್ ಹೊಟ್ಟೆ."

ಅಂಕಲ್ ಎಂಬವರು ಪೇಪರು ಮಡಚಿಕೊಂಡು ಎದ್ದು ಹೋದರು. ಬ್ಯಾಂಕಿನ ಮುಂದೆ ಸ್ಕೂಟರುಗಳ ನಂಬರ್ ಪ್ಲೇಟು ಕಂಡಿತು, ಔಷಧಿ ಅಂಗಡಿಯ ಮುಂದೆ ಒಂದು ನಾಯಿ. ಸಿನಿಮಾ ಟಾಕೀಸಿನ ಹತ್ತಿರ ಪೊಲೀಸರು ಆಗಲೇ ತಡೆಗೋಡೆಗಳನ್ನು ಸಾಲಾಗಿ ನಿಲ್ಲಿಸಿದ್ದರು.

"ಇಲ್ಲಿ ತಗಡು. ನಾಳೆ ಜನ ಬಂದ್ರೆ ಕಾಲು," ಎಂದಳು ಮಗಳು. "ಹೋದ್ಸಲದ ಥರಾನೇ."

"ಹೋದ್ಸಲ ಏನು ಕಾಣ್ಸಿತ್ತು?"

"ಕಾಲು. ಬರೀ ಕಾಲು. ಒಬ್ಬರ ಚಪ್ಪಲೀಲಿ ಪಿನ್ನು ಇತ್ತು. ನೀನು 'ನೋಡು ನೋಡು, ಡೈನೋಸಾರ್ ಬಂತು ನೋಡು' ಅಂತಿದ್ದೆ. ನಾನು ಎಲ್ಲಿ ಅಂದೆ. ನೀನು ಅಲ್ಲಿ ಅಂದೆ. ಕಾಣಲ್ಲ ಅಂದೆ. ನೀನು ಮತ್ತೆ ನೋಡು ನೋಡು ಅಂದೆ." ಮಗಳು ಇದನ್ನು ದೂರಿನ ದನಿಯಲ್ಲೇನೂ ಹೇಳಲಿಲ್ಲ, ಟೀಚರಿಗೆ ಪಾಠ ಒಪ್ಪಿಸುವಂತೆ ಹೇಳಿದಳು. "ಅದಕ್ಕೇ ಕಾಣೋ ಕಡೆ ಹೋದೆ."

ಡ್ರೈವರ್ ಹೆಂಡತಿಯ ಮುಖ ನೋಡಲಿಲ್ಲ. ಹೆಂಡತಿ ಸಿನಿಮಾ ಪೋಸ್ಟರನ್ನು ಮೇಲಿಂದ ಕೆಳಗೆ ಓದುತ್ತಿದ್ದಳು. ಅತ್ತೆ ಸ್ಟೂಲು ಬಿಡಿಸಿ, ರಸ್ತೆಯ ಪಕ್ಕದಲ್ಲೇ ಕೂತು ನೀರು ಕುಡಿದರು.

"ಅವತ್ತು ಅಷ್ಟೂ ಹೊತ್ತು ಹುಡುಕಿದ್ವಲ್ಲ," ಎಂದರು, ಯಾರಿಗೂ ಅಲ್ಲದಂತೆ. "ಯಾಕೆ ಹೋದೆ ಅಂತ ಒಬ್ಬರಾದ್ರೂ ಕೇಳಿದ್ವಾ?"

ಸಂಜೆ ಆರಕ್ಕೆ ಅವರು ರಸ್ತೆಯ ತುದಿ ಮುಟ್ಟಿದರು. ಅಲ್ಲಿಗೆ ಏಳನೇ ನಂಬರಿನ ಲಾಸ್ಟ್ ಸ್ಟಾಪು, ಮೆರವಣಿಗೆಯದೂ ಅಲ್ಲೇ. ಒಂದು ಕಡೆ ಮುಚ್ಚಿದ ಗೋದಾಮಿನ ಗೋಡೆ, ಇನ್ನೊಂದು ಕಡೆ ಲೈಬ್ರರಿ. ಲೈಬ್ರರಿಯ ಬಾಗಿಲಿಗೆ ಗಾಲಿಕುರ್ಚಿಗೆಂದು ಮಾಡಿದ ಉದ್ದನೆಯ ಇಳಿಜಾರು. ಮಗಳು ಹೇಳದೆ ಕೇಳದೆ ಅದನ್ನು ಹತ್ತಿ, ಕಂಬಿಯ ಸಂದಿಯಲ್ಲಿ ಮುಖವಿಟ್ಟು ನಿಂತಳು.

"ಇಲ್ಲಿ ಕಾಣುತ್ತೆ."

"ಏನು ಕಾಣುತ್ತೆ?"

"ಎಲ್ಲಾ. ಆ ನಾಯಿ ಇನ್ನೂ ಅಲ್ಲೇ ಕೂತಿದೆ."

"ಇಲ್ಲಿಗೆ ಬರೋ ಹೊತ್ತಿಗೆ ಬ್ಯಾಂಡಿನವರ ಉಸಿರು ಮುಗಿದಿರುತ್ತೆ ಕಣೇ," ಎಂದ ಡ್ರೈವರ್. ಒಳ್ಳೆಯ ತಿರುವು ಬಿಟ್ಟು ಇಂಥ ಕಡೆ ನಿಲ್ಲುವುದು ಅವನ ವೃತ್ತಿಗೌರವಕ್ಕೆ ಒಪ್ಪುತ್ತಿರಲಿಲ್ಲ. "ಇಲ್ಲಿ ಅವರು ವೇಷ ಬಿಚ್ಚೋದಷ್ಟೇ."

"ಬಿಚ್ಚೋದು ಕಾಣುತ್ತಾ?"

ಅದು ಕಾಣುತ್ತಿತ್ತು. ಅತ್ತೆ ಒಳಗೆ ಹೋಗಿ ಬಂದು, ಶೌಚಾಲಯ ಚೊಕ್ಕವಾಗಿದೆ, ಲೈಬ್ರರಿಯವರು ನಾಳೆಯೂ ತೆಗೆದಿರುತ್ತಾರೆ ಎಂದು ವರದಿ ಒಪ್ಪಿಸಿದರು. ಹೆಂಡತಿ ಇಳಿಜಾರು ಹತ್ತಿ ಕುಕ್ಕರಗಾಲಿನಲ್ಲಿ ಕೂತು, ಕಂಬಿಯ ಸಂದಿಯಿಂದ ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಎದ್ದವಳು ಫೋನ್ ಒತ್ತಿದಳು.

"ಅಣ್ಣಾ, ನಾಳೆ ಬಾಲ್ಕನಿ ಬೇಡ... ಇಲ್ಲ, ಅವರೇ ಕರ್ಕೊಂಡು ಹೋಗ್ತಾರೆ... ಹೂಂ, ಅವರೇ." ಎರಡನೆಯ ಸಲದ 'ಅವರೇ' ಸ್ವಲ್ಪ ಗಟ್ಟಿಯಾಗಿತ್ತು.

ಮರುದಿನ ಡ್ರೈವರ್ ಒಂಬತ್ತಕ್ಕೇ ಬಂದು ನಿಂತ. ಮೆರವಣಿಗೆ ಆ ತುದಿ ತಲುಪಲು ಇನ್ನೂ ಎರಡೂವರೆ ಗಂಟೆ ಇತ್ತು. ಅತ್ತೆ ಸ್ಟೂಲಿನ ಮೇಲೆ ಕೂತು ಒಂದು ನಿದ್ದೆ ತೆಗೆದರು, ಅವನು ಕೂರಲಿಲ್ಲ. ಜನ ಬಂದಂತೆಲ್ಲ ತಲೆ ಎಣಿಸಿದ, ನಲವತ್ತಕ್ಕೆ ಲೆಕ್ಕ ತಪ್ಪಿತು, ಮತ್ತೆ ಎಣಿಸಿದ. ಮಗಳ ಕೈಯನ್ನು ಸ್ಟಿಯರಿಂಗಿನಂತೆ ಹಿಡಿದಿದ್ದ.

ಹನ್ನೊಂದೂವರೆಗೆ ಬ್ಯಾಂಡು ಬಂತು. ಅವನು ಹೇಳಿದಂತೆಯೇ ಉಸಿರು ಮುಗಿದಿತ್ತು. ತುತ್ತೂರಿಯವನು ಬರೀ ಕೆನ್ನೆ ಉಬ್ಬಿಸುತ್ತಿದ್ದ. ಅಲಂಕಾರದ ಲಾರಿಗಳು ಬಂದವು, ಸಮುದ್ರದ ಬಣ್ಣ ಬಳಿದದ್ದು, ಕಾಗದದ ಕೋಟೆ ಹೊತ್ತದ್ದು. ಮಗಳು ಒಂದನ್ನೂ ಬಿಡಲಿಲ್ಲ. ಕೊನೆಗೆ ಮರಗಾಲಿನವರು ಬಂದರು. ಅವರಲ್ಲೊಬ್ಬ, ಹತ್ತಡಿ ಎತ್ತರದವನು, ನೇರವಾಗಿ ಇಳಿಜಾರಿನ ಬುಡಕ್ಕೆ ಬಂದು, ಲೈಬ್ರರಿಯ ಕಾಂಪೌಂಡು ಗೋಡೆಯ ಮೇಲೆ ಉಸ್ಸಪ್ಪಾ ಎಂದು ಕೂತು, ಕಾಲಿನ ಪಟ್ಟಿ ಬಿಚ್ಚತೊಡಗಿದ.

"ಅಪ್ಪ, ಕೈ ನೋಯ್ತಿದೆ."

ಅವನು ಹಿಡಿತ ಸಡಿಲಿಸಿದ.

"ಹತ್ರ ಹೋಗ್ಲಾ?"

ಅವರು ನಿಂತಲ್ಲಿಂದ ಅಲ್ಲಿಗೆ ಹನ್ನೆರಡು ಹೆಜ್ಜೆ. ನಡುವೆ ಎಂಟು ಜನ, ಒಂದು ತಳ್ಳುಗಾಡಿ. ಡ್ರೈವರ್ ಮೊಣಕಾಲಿನ ಗೊಣಗಾಟವನ್ನು ಲೆಕ್ಕಿಸದೆ ಕುಕ್ಕರಿಸಿದ. ಮಗಳ ಕಣ್ಣಿನ ಮಟ್ಟದಿಂದ ನೋಡಿದ. ಮರಗಾಲಿನವನ ಬೆವೆತ ಕೆನ್ನೆ ಕಂಡಿತು, ಬಿಚ್ಚಿದ ಪಟ್ಟಿ ಕಂಡಿತು, ದಾರಿ ಕಂಡಿತು.

"ಹೋಗು," ಎಂದ.

ಅವಳು ಹೋದಳು. ಒಂದು ಬಾರಿ ತಳ್ಳುಗಾಡಿ ಅಡ್ಡ ಬಂತು, ಅವನು ಅರ್ಧ ಎದ್ದ, ಅದು ಸರಿಯಿತು. ಎದ್ದಿದ್ದ ಅತ್ತೆ, "ಅಳಿಯಂದ್ರೇ, ಸ್ಟೂಲು ಬೇಕಾ?" ಎಂದರು. ಅವನು ಬೇಡವೆಂದು ಕೈಯಾಡಿಸಿದ, ಕಣ್ಣು ತಿರುಗಿಸಲಿಲ್ಲ. ಮರಗಾಲಿನವನು ಏನೋ ಕೇಳಿದ. ಮಗಳು ಏನೋ ಹೇಳಿದಳು. ಅವನು ಬಿಚ್ಚಿದ ಒಂದು ಮರಗಾಲನ್ನು ಅವಳಿಗೆ ಹಿಡಿದುಕೊಳ್ಳಲು ಕೊಟ್ಟು, ಇನ್ನೊಂದನ್ನು ಬಿಚ್ಚಿದ.

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಹೆಂಡತಿ ಆಸ್ಪತ್ರೆಯಿಂದ ಬಂದಳು. ಮೆರವಣಿಗೆ ಮುಗಿದಿತ್ತು. ಮಗಳು ಅಲ್ಲೇ ಇದ್ದಳು.